‘ಗುಡ್ ಸಾರ್’ ಎಂದ ಮೂರು ದಿನ

ಬಂಗಾಳದ ಕಡೆಯ ರೇಷ್ಮೆ ತಜ್ಞರೊಬ್ಬರು ಸೋಮವಾರ ಬರುತ್ತಾರೆ ಎಂಬ ಕಾಗದ ನಮ್ಮ ಕೋಠಿಗೆ ಶುಕ್ರವಾರ ತಲುಪಿತು. ಅದೇ ದಿನ ನಮ್ಮ ಮೇಲ್ವಿಚಾರಕರು ಚಳಿಜ್ವರ ಹಿಡಿದು ಮಲಗಿದರು. ಕಾಗದ ತೆಗೆದುಕೊಂಡು ಅವರ ಮನೆಗೆ ಹೋದೆ. ಅವರು ಕಂಬಳಿಯಿಂದ ತಲೆ ಮಾತ್ರ ಹೊರಗೆ ಹಾಕಿ ಓದಿ, ಹಿಂದಕ್ಕೆ ಕೊಟ್ಟರು.

"ಅವರಿಗೆ ಕನ್ನಡ ಬರಲ್ಲ. ನಮ್ಮ ರೈತರಿಗೆ ಇಂಗ್ಲಿಷ್ ಬರಲ್ಲ. ನಡುವೆ ನಿಲ್ಲೋಕೆ ನೀನಿದ್ದೀಯಲ್ಲ, ಬಿ.ಎಸ್ಸಿ. ಮೂರು ದಿನ ತಾನೆ, ನಿಭಾಯಿಸಪ್ಪ."

"ಆಗಲಿ ಸಾರ್" ಎಂದೆ. ಹೊರಗೆ ಬಂದವನು ಅವರ ಮನೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಚಾಮರಾಜನಗರದ ಆ ಕೋಠಿಗೆ ನಾನು ಸೇರಿ ಎಂಟು ತಿಂಗಳಾಗಿತ್ತು. ರೇಷ್ಮೆ ಚಿಟ್ಟೆಗಳಿಂದ ಮೊಟ್ಟೆ ಇಡಿಸಿ, ರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡು, ಹುಳ ಸಾಕುವ ರೈತರಿಗೆ ಹಂಚುವ ಜಾಗ ಅದು. ಖಾತ್ರಿ ಮಾಡುವ ಮೈಕ್ರೋಸ್ಕೋಪಿನ ಕೆಲಸ ನನ್ನದು. ಬೇಗೂರು ಹೋಬಳಿಯ ನಮ್ಮ ಊರಿನಲ್ಲಿ, ನಮ್ಮ ವಂಶದಲ್ಲಿ, ಡಿಗ್ರಿ ಎಂಬ ಮಾತಿಗೆ ಅರ್ಥ ತಂದವನು ನಾನೇ. ಅಪ್ಪ ಇನ್ನೊಬ್ಬರ ಹೊಲದಲ್ಲಿ ದುಡಿದು ಓದಿಸಿದರು. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ.

ಆದರೆ ಆ ಡಿಗ್ರಿಯ ಒಳಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ಇಂಗ್ಲಿಷ್ ಓದಬಲ್ಲೆ, ತಪ್ಪಿಲ್ಲದೆ ಬರೆಯಬಲ್ಲೆ. ಆಡಲಾರೆ. ಕಾಲೇಜಿನಲ್ಲಿ ಮೇಷ್ಟ್ರು ಹೇಳುತ್ತಿದ್ದರು, ನಾವು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆವು. ಅಷ್ಟು ವರ್ಷಗಳಲ್ಲಿ ನಾನು ಬಾಯಿಬಿಟ್ಟು ಆಡಿದ ಇಂಗ್ಲಿಷ್ ಎಂದರೆ ಹಾಜರಿ ಕೂಗಿದಾಗಿನ ‘ಪ್ರೆಸೆಂಟ್ ಸಾರ್’. ಸಾವಿರಾರು ಪದಗಳ ಮುಖ ಕಂಡಿದ್ದೆ, ದನಿ ಕೇಳಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಕಾಟ. ನಮ್ಮ ಕಡೆಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಮೊದಲ ವರ್ಷವೆಲ್ಲ ಜೊತೆಯವರು ನನ್ನನ್ನು ಕಂಡ ಕೂಡಲೇ, "ಏನ್ಲಾ, ಆಲು ಕುಡ್ದಾ? ಅಣ್ಣು ತಿಂದಾ?" ಎಂದು ಆಡಿಕೊಳ್ಳುತ್ತಿದ್ದರು. ಆ ಅವಮಾನಕ್ಕೆ ನನ್ನ ನಾಲಿಗೆ ಎಷ್ಟು ಬೆದರಿತೆಂದರೆ, ಹಕಾರ ಬೇಕಿಲ್ಲದ ಕಡೆಯೂ ತಾನಾಗಿ ತಂದು ತುರುಕತೊಡಗಿತು. ಮೊಟ್ಟೆಗೆ ಇಂಗ್ಲಿಷಿನಲ್ಲಿ ‘ಎಗ್’. ನನ್ನ ಬಾಯಿಂದ ಹೊರಡುತ್ತಿದ್ದದ್ದು ‘ಹೆಗ್’. ಹಗಲೆಲ್ಲ ಮೊಟ್ಟೆ ಮುಟ್ಟುವ ಕೆಲಸದವನು, ಮೊಟ್ಟೆ ಎನ್ನಲು ಬಾರದವನು.

ಶನಿವಾರ ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೀಟು ಎಳೆದೆ. ಎಡಕ್ಕೆ ಬೇಕಾದ ಪದಗಳು, ಬಲಕ್ಕೆ ಅವುಗಳ ಬದಲು ನನ್ನ ನಾಲಿಗೆ ಹೊರಬಲ್ಲ ಪದಗಳು. ‘ಎಗ್’ ಬೇಡ, ‘ಸೀಡ್’ ಎನ್ನುವುದು. ‘ಹೆಲ್ದಿ’ ಬೇಡ, ‘ಗುಡ್’ ಎನ್ನುವುದು. ರೋಗವಿದ್ದರೆ ‘ಬ್ಯಾಡ್’. ಇವೆರಡರ ನಡುವಿನದಕ್ಕೆ, ಅಂದರೆ ಅನುಮಾನವಿದೆ ಎನ್ನುವುದಕ್ಕೆ, ಪುಸ್ತಕಗಳಲ್ಲಿ ಎರಡು ಪದ ಕಂಡಿದ್ದೆ. ಒಂದು ಬಹಳ ಉದ್ದ. ಇನ್ನೊಂದರ ಕೊನೆಯಲ್ಲಿ ಎರಡು ಅಕ್ಷರ ಒಂದನ್ನೊಂದು ತಬ್ಬಿಕೊಂಡು ನಿಂತಿದ್ದವು. ನಾಲಿಗೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಎರಡನ್ನೂ ಹೊಡೆದುಹಾಕಿದೆ. ಭಾನುವಾರ ಇಡೀ ದಿನ, ಯಾರೂ ಇಲ್ಲದ ಕೋಠಿಯಲ್ಲಿ, ಬಲಗಡೆಯ ಪದಗಳನ್ನು ಚಿಟ್ಟೆಗಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿಕೊಂಡು ತಿರುಗಿದೆ.

ಸೋಮವಾರ ಬೆಳಗ್ಗೆ ಅಂದಿನ ಲಾಟನ್ನು ಪರೀಕ್ಷೆಗೆ ಇಟ್ಟುಕೊಂಡೆ. ಲಾಟು ಎಂದರೆ ಒಟ್ಟಿಗೆ ತಯಾರಾದ ಮೊಟ್ಟೆ ಹಾಳೆಗಳ, ಅಂದರೆ ಚಿಟ್ಟೆಗಳು ಮೊಟ್ಟೆ ಇಟ್ಟ ಕಾಗದಗಳ, ಒಂದು ಕಟ್ಟು. ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಗಳಲ್ಲಿ ಕೆಲವನ್ನು ಆರಿಸಿ, ಪಿಂಗಾಣಿ ಕುಟ್ಟಾಣಿಯಲ್ಲಿ ನೀರು ಬಿಟ್ಟು ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡಬೇಕು. ಗಂಟುರೋಗವಿದ್ದರೆ ಉದ್ದುದ್ದನೆಯ, ಹೊಳೆಯುವ ಕಾಳುಗಳು ಕಾಣುತ್ತವೆ. ಆ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಮೊಟ್ಟೆ ಯಾವ ಮನೆಗೆ ಹೋಗುತ್ತದೋ ಆ ಮನೆಯ ಹುಳ ಪೂರಾ ಸಾಯುತ್ತದೆ, ಆಮೇಲೆ ಅಕ್ಕಪಕ್ಕದ ಮನೆಯದು.

ನಾಲ್ಕನೆಯ ಪಟ್ಟಿಯಲ್ಲಿ ಎರಡು ಕಾಳು ಕಂಡವು. ಎರಡೇ. ಕೊಬ್ಬಿನ ಹನಿಯೂ ಕೆಲವೊಮ್ಮೆ ಹಾಗೆ ಮಿನುಗುತ್ತದೆ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ನನಗೆ ಗೊತ್ತಿತ್ತು: ಅದೇ ಲಾಟಿನ ಇನ್ನಷ್ಟು ಚಿಟ್ಟೆಗಳನ್ನು ಅರೆದು, ಮತ್ತೆ ನೋಡುವುದು, ಅಲ್ಲಿಯತನಕ ಲಾಟನ್ನು ಕೈಬಿಡದಿರುವುದು. ಕುಟ್ಟಾಣಿ ತೊಳೆಯುತ್ತಿದ್ದೆ, ಹೊರಗೆ ಜೀಪಿನ ಹಾರನ್ ಕೇಳಿಸಿತು.

ತಜ್ಞರು ಸಣಕಲು ಆಳು, ದಪ್ಪ ಕನ್ನಡಕ. ಚುರುಕು ನಡಿಗೆ, ಅದಕ್ಕಿಂತ ಚುರುಕು ಮಾತು. ಮೊದಲ ಐದು ನಿಮಿಷ ಅವರ ಮಾತಿನಲ್ಲಿ ನನಗೆ ತಿಳಿದದ್ದು ‘ಭೆರಿ ಗುಡ್’ ಎಂಬುದೊಂದೇ. ಶುದ್ಧ ಇಂಗ್ಲಿಷ್ ಹೀಗೇ ಇರಬೇಕೆಂದು ನಂಬಿ, ಆಮೇಲೆ ಒಂದು ತಿಂಗಳು ನಾನೂ ‘ಭೆರಿ’ ಎಂದೇ ಹೇಳುತ್ತಿದ್ದೆ. ಅವರು ನೇರವಾಗಿ ನನ್ನ ಮೇಜಿನ ಹತ್ತಿರ ಬಂದು, ಆ ಲಾಟಿನ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ, ಏನೋ ಕೇಳಿದರು. ‘ದಿಸ್ ಲಾಟ್’ ಎಂಬುದು ಸಿಕ್ಕಿತು, ‘ಆಲ್ ರೈಟ್’ ಎಂಬುದು ಸಿಕ್ಕಿತು.

ನನ್ನ ತಲೆಯಲ್ಲಿ ಉತ್ತರ ತಯಾರಾಗಿಯೇ ಇತ್ತು, ಕನ್ನಡದಲ್ಲಿ: ಅನುಮಾನ ಇದೆ, ಇನ್ನೊಂದು ಸಲ ನೋಡಬೇಕು. ಇಂಗ್ಲಿಷಿಗೆ ಹುಡುಕಿದೆ. ನೋಟ್‌ಬುಕ್ಕಿನ ಬಲಗಡೆ ಇದಕ್ಕೆಂದು ಎರಡೇ ಪದ ನಿಂತಿದ್ದವು. ‘ಬ್ಯಾಡ್’ ಎಂದರೆ ಏಕೆ ಎಂದು ಕೇಳುತ್ತಾರೆ, ವಿವರ ಹೇಳಬೇಕು, ಅವಸರದಲ್ಲಿ ‘ಸೀಡ್’ ಮರೆತು ಬಾಯಿಗೆ ‘ಹೆಗ್’ ಬರುತ್ತದೆ. ಅವರು ಕನ್ನಡಕದ ಮೇಲಿನಿಂದ ನೋಡುತ್ತ ಕಾಯುತ್ತಿದ್ದರು.

"ಗುಡ್ ಸಾರ್."

"ಭೆರಿ ಗುಡ್" ಎಂದು ಬರೆದುಕೊಂಡರು.

ಅವರು ಹೋದ ಮೇಲೆ ನೋಡಿದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅವರು ಹಾಳೆಗಳನ್ನು ಅಲ್ಲಿ ಬಿಡಲಿಲ್ಲ. ಬೇಗೂರು ಕಡೆಯ ಹಳ್ಳಿಯೊಂದರಲ್ಲಿ, ಆರಿಸಿದ ಒಂದು ಮನೆಯಲ್ಲಿ, ಹೊಸ ಕ್ರಮದಿಂದ ಹುಳ ಸಾಕಿಸಿ ಊರಿಗೆಲ್ಲ ತೋರಿಸುವುದು ಅವರ ಕಾರ್ಯಕ್ರಮ. ಅದಕ್ಕೆ ಈ ಲಾಟೇ ಆಗಲಿ ಎಂದು ಪೆಟ್ಟಿಗೆಗೆ ತುಂಬಿಸಿದರು. ರೈತರಿಗೆ ತೋರಿಸಲು ಮೈಕ್ರೋಸ್ಕೋಪನ್ನೂ ಜೀಪಿಗೆ ಏರಿಸಿದರು. ನಾನು ಆ ಲಾಟಿನ ಉಳಿದ ತಾಯಿ ಚಿಟ್ಟೆಗಳಿದ್ದ ತಗಡಿನ ಡಬ್ಬಿಯನ್ನು, ಕುಟ್ಟಾಣಿಯನ್ನು, ಯಾರಿಗೂ ಕಾಣದಂತೆ ನನ್ನ ಬಟ್ಟೆಚೀಲದ ತಳಕ್ಕೆ ಇಳಿಸಿದೆ. ಏನು ಮಾಡಬೇಕೆಂದು ಇಳಿಸಿದೆನೋ ನನಗೇ ತಿಳಿಯದು. ಬಿಟ್ಟು ಹೋಗಲು ಧೈರ್ಯವಾಗಲಿಲ್ಲ, ಅಷ್ಟೆ.

ಜೀಪಿನ ಡ್ರೈವರು ವಯನಾಡಿನ ಕಡೆಯವನು. ತೆರಕಣಾಂಬಿ ದಾಟುವುದರೊಳಗೆ ತಜ್ಞರ ಜೊತೆ ನನಗಿಂತ ಹೆಚ್ಚು ಇಂಗ್ಲಿಷ್ ಆಡಿಬಿಟ್ಟಿದ್ದ. "ಸಾರ್, ರೋಡ್ ಬ್ಯಾಡ್, ಸ್ಲೋ ಗೋಯಿಂಗ್." "ಸಾರ್, ದಿಸ್ ಸೈಡ್ ಎಲಿಫೆಂಟ್ ಕಮಿಂಗ್." ಗುಂಡ್ಲುಪೇಟೆಯಲ್ಲಿ ಚಹಾ ಕುಡಿಯುವಾಗ ನನ್ನನ್ನು ಪಕ್ಕಕ್ಕೆ ಕರೆದ.

"ಎಂದಾ ಸಾರೇ, ಏನಿದು, ಬಿ.ಎಸ್ಸಿ. ಆಗಿ ಬಾಯಿ ಹೊಲ್ಕೊಂಡು ಕೂತಿದ್ದೀರಲ್ಲ?"

"ತಪ್ಪಾದ್ರೆ?"

"ತಪ್ಪಾದ್ರೆ ಏನು ಸಾರೇ, ಜೀಪು ನಿಂತುಬಿಡುತ್ತಾ?"

ಅವನಿಗೆ ಕಳೆದುಕೊಳ್ಳಲು ಡಿಗ್ರಿ ಇರಲಿಲ್ಲ. ನನಗಿತ್ತು.

ಮಂಗಳವಾರ ಗುಂಡ್ಲುಪೇಟೆಯಲ್ಲಿ ರೈತರ ಸಭೆ. ತಜ್ಞರು ಹತ್ತು ನಿಮಿಷ ಮಾತಾಡಿದರು. ನಾನು ಎರಡು ವಾಕ್ಯ ಹೇಳಿದೆ: ಮನೆ ಚೊಕ್ಕಟವಾಗಿಡಿ, ಎಳೆ ಹುಳಕ್ಕೆ ಎಳೆ ಸೊಪ್ಪು ಕೊಡಿ. ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು, "ಅಲ್ಲಾ ಬುದ್ದಿ, ಅವ್ರು ಅಷ್ಟೊತ್ತು ಯೋಳುದ್ರು, ನಿಮ್ದು ಇಷ್ಟೇಯಾ? ಮಿಕ್ಕುದ್ದ ನೀವೇ ಮಡೀಕಂಡ್ರಾ?" ಎಂದ. ಸಭೆ ನಕ್ಕಿತು. ಜನ ಏಕೆ ನಕ್ಕರೆಂದು ತಜ್ಞರು ನನ್ನನ್ನು ಕೇಳಿದರು. "ಗುಡ್ ಸಾರ್, ಪೀಪಲ್ ಗುಡ್" ಎಂದೆ.

ಬುಧವಾರ ಬೆಳಗ್ಗೆ ಒಂದು ಅವಕಾಶ ಸಿಕ್ಕಿತ್ತು. ಹೊರಡಲು ಇನ್ನೂ ಒಂದು ತಾಸಿತ್ತು, ಮೈಕ್ರೋಸ್ಕೋಪು ಪ್ರವಾಸಿ ಬಂಗಲೆಯಲ್ಲಿ ಅವರ ಕೋಣೆಯಲ್ಲಿತ್ತು. ಡಬ್ಬಿ ನನ್ನ ಚೀಲದಲ್ಲಿ. ಕೇಳಿ ತೆಗೆದುಕೊಂಡರೆ ಮುಗಿಯಿತು. ಬಾಗಿಲವರೆಗೂ ಹೋದೆ. ಚೀಟಿಯಲ್ಲಿ ಬರೆದು ಕೊಟ್ಟರೆ ಎಂದೂ ಯೋಚಿಸಿದೆ. ಬರೆಯಲು ನನಗೆ ಹೆದರಿಕೆಯಿಲ್ಲ. ಆದರೆ ಓದಿದ ಮೇಲೆ ಅವರು ತಲೆಯೆತ್ತಿ ಕೇಳುವ ಮೊದಲ ಪ್ರಶ್ನೆ, ಸೋಮವಾರ ಏಕೆ ಹೇಳಲಿಲ್ಲ ಎಂಬುದು. ಅದಕ್ಕೆ ಬಾಯಲ್ಲೇ ಉತ್ತರ ಕೊಡಬೇಕು. ಅವರು ಕ್ಷೌರ ಮಾಡಿಕೊಳ್ಳುತ್ತಿದ್ದವರು ಕನ್ನಡಿಯಲ್ಲೇ ನನ್ನನ್ನು ಕಂಡು, "ಎಸ್?" ಎಂದರು.

"ಗುಡ್ ಮಾರ್ನಿಂಗ್ ಸಾರ್" ಎಂದು ಹೇಳಿ ವಾಪಸು ಬಂದೆ.

ಜೀಪಿನಲ್ಲಿ ಕುಳಿತಾಗ ಲೆಕ್ಕ ಹಾಕಿದೆ. ಮೊಟ್ಟೆಗಳು ಇನ್ನು ನಾಲ್ಕೈದು ದಿನಕ್ಕೆ ಒಡೆಯುತ್ತವೆ. ಒಡೆದ ಮೇಲೆ ಅದು ನನ್ನ ಕೈಯಲ್ಲಿಲ್ಲ. ಕಾಳು ಕೊಬ್ಬಿನ ಹನಿಯೇ ಆಗಿರಲಿ ಎಂದು ದಾರಿಯುದ್ದಕ್ಕೂ ದೇವರಿಗೆ ಕೈಮುಗಿಯುತ್ತಿದ್ದೆ. ಆದರೆ ಹಾಗೆ ಕೈಮುಗಿಯುವವನಿಗೆ ಅದು ಕೊಬ್ಬಿನ ಹನಿಯಲ್ಲವೆಂದು ಒಳಗೊಳಗೆ ಗೊತ್ತಿರುತ್ತದೆ.

ಆರಿಸಿದ ಮನೆಯ ಯಜಮಾನಿಗೆ ನಲವತ್ತರ ಆಸುಪಾಸು. ಗಂಡ ಹೊಲ ನೋಡಿಕೊಂಡರೆ ಹುಳದ ಮನೆಯ ಕಾರುಬಾರೆಲ್ಲ ಈಕೆಯದು. ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಬಿದಿರು ತಟ್ಟೆಗಳನ್ನು ಬಿಸಿಲಿಗೆ ಹಾಕಿ ಒಣಗಿಸಿಟ್ಟಿದ್ದಳು. ನನ್ನನ್ನು ನೋಡಿದ ಕೂಡಲೇ ಸೇರಿದ್ದ ಜನರಿಗೆ ಕೇಳುವಂತೆ ಕೂಗಿದಳು: "ನೋಡ್ರಪ್ಪ, ನಮ್ ಕಡೆ ಐದ, ನಮ್ಮುಡ್ಗ! ಸಾಯೇಬ್ರ ಸಮಕ್ಕೆ ಜೀಪ್ನಾಗೆ ಕುಂತ್ಕಂಡ್ ಬತ್ತಾವ್ನೆ. ನಿಮ್ ಐಕ್ಳೂ ಅವ್ರೆ, ದನ ಕಾಯ್ಕಂಡು."

ನಮ್ಮ ಕಡೆಯ ಊರುಗಳಲ್ಲಿ ಮೊಟ್ಟೆಯನ್ನು ಬರಿಗೈಯಲ್ಲಿ ತೆಗೆದುಕೊಳ್ಳುವುದಿಲ್ಲ. ಮನೆಯ ಹೆಂಗಸು ಹೊಸಲಿನ ಮೇಲೆ ನಿಂತು ಸೆರಗು ಒಡ್ಡಬೇಕು. ಹಾಳೆಗೆ ಅರಿಸಿನ ಕುಂಕುಮ ಸೋಕಿಸಿ ಮಡಿಲಿಗೆ ಹಾಕಬೇಕು, ಮನೆಗೆ ಬರುವ ಸೊಸೆಗೆ ಮಡಿಲು ತುಂಬುವಂತೆ. ತುಂಬಿದ ಮಡಿಲಿನಿಂದ ಏನನ್ನೂ ಹಿಂದಕ್ಕೆ ತೆಗೆಯುವಂತಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ತಜ್ಞರಿಗೆ ಗೊತ್ತಿಲ್ಲ. ಅವರು ಖುಷಿಯಿಂದ ಹಾಳೆಗಳನ್ನು ತಾವೇ ಎತ್ತಿಕೊಂಡರು. ಈಗ ಹೇಳಬೇಕು ಎಂದುಕೊಂಡೆ. ಹಾಳೆಗೆ ಅರಿಸಿನ ತಾಗಿತು. ಈಗ. ಕುಂಕುಮ ತಾಗಿತು. ಹಾಳೆಗಳು ಮಡಿಲಿಗೆ ಬಿದ್ದವು.

ಆಕೆ ಸೆರಗನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು. "ಓದ್ ಸಲ ಗಂಟು ಬಂದು ಅಷ್ಟೂ ಉಳ ತಿಪ್ಪೆಗ್ ಸುರುದ್ಬುಟ್ಟೊ ಕಣಪ್ಪ. ಒಂದ್ ವಾರ ಅನ್ನ ಸೇರ್ನಿಲ್ಲ. ಈ ಸಲ ನೀನೇ ಕಣ್ಣಿಟ್ಟು ನೋಡಿ ತಂದಿದ್ದೀಯ ಅಂದ್ರು. ಇನ್ನೇನ್ ಭಯ, ಬುಡು."

ಒಳಗೆ ಹೋಗಲು ಕಾಲೆತ್ತಿದಳು.

"ಅಕ್ಕ, ಒಳಕ್ಕೆ ಹೋಗಬೇಡಿ" ಎಂದೆ. ಅದು ಕನ್ನಡ, ಹೊರಟುಬಿಟ್ಟಿತು. ಎಲ್ಲರೂ ನನ್ನನ್ನೇ ನೋಡಿದರು. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ. ತಜ್ಞರ ಕಡೆ ತಿರುಗಿದೆ.

"ಸಾರ್. ದಿಸ್ ಲಾಟ್ ನಾಟ್ ಗುಡ್."

"ಬ್ಯಾಡ್?"

"ನಾಟ್ ಬ್ಯಾಡ್ ಸಾರ್."

ಅವರ ಹುಬ್ಬು ಮೇಲೇರಿತು. ಆಗ ನಾನು ಶನಿವಾರ ಹೊಡೆದುಹಾಕಿದ್ದ ಪದವನ್ನು, ಆ ತಬ್ಬಿಕೊಂಡ ಅಕ್ಷರಗಳ ಪದವನ್ನು, ಕಣ್ಣು ಮುಚ್ಚಿ ಹೇಳಿಬಿಟ್ಟೆ. ಅದರಲ್ಲಿನ ‘ಬಿ’ ಬಾಯಿಗೆ ಬರಬಾರದು, ‘ಡೌಟ್’ ಎನ್ನಬೇಕು ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅಂದು ಇದ್ದಬದ್ದ ಅಕ್ಷರಗಳನ್ನೆಲ್ಲ ಹೇಳಿದ್ದೆ. ಅವರಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಜನರಲ್ಲಿ ಯಾರೋ ಕಿಸಕ್ಕೆಂದರು. ಮೂರನೆಯ ಸಲ, ಒಂದು ಕಣ್ಣು ಮುಚ್ಚಿ ಮೈಕ್ರೋಸ್ಕೋಪಿಗೆ ಬಗ್ಗುವವನಂತೆ ಬಗ್ಗಿ, ಎರಡು ಬೆರಳು ತೋರಿಸಿ, "ಟೂ ಸಾರ್. ಟೂ ಗ್ರೇನ್. ಐ ಸೀ. ಹೆಗ್ ನಾಟ್ ಗಿವ್ ಸಾರ್" ಎಂದೆ. ಹೆಗ್ ಎಂದೇ ಎಂದೆ.

ಅವರ ಮುಖದ ನಗು ಆರಿತು. ಯಾವಾಗ ನೋಡಿದೆ ಎಂದು ಬಿಡಿಸಿ ಬಿಡಿಸಿ ಕೇಳಿದರು.

"ಮಂಡೇ ಸಾರ್."

ಅವರು ಜೀಪಿನ ಕಡೆ ಕೈ ತೋರಿಸಿದರು. ಡ್ರೈವರು ಮೈಕ್ರೋಸ್ಕೋಪನ್ನು ಜಗಲಿಯ ಮೇಲೆ ತಂದಿಟ್ಟ. ನಾನು ಚೀಲದ ತಳದಿಂದ ಡಬ್ಬಿ ತೆಗೆದೆ. ಅದನ್ನು ಕಂಡಾಗ ತಜ್ಞರು ನನ್ನನ್ನು ನೋಡಿದ ನೋಟ, ಮುಂಚೆಯೇ ಎಲ್ಲ ಗೊತ್ತಿದ್ದೂ ತಂದಿದ್ದೀಯಾ ಎಂಬಂತಿದ್ದ ನೋಟ, ಇಂದಿಗೂ ನೆನಪಿದೆ. ಒಣಗಿದ ಚಿಟ್ಟೆಗಳನ್ನು ಅರೆದೆ. ಅವಸರದಲ್ಲಿ ಮೊದಲ ಗಾಜಿನ ಪಟ್ಟಿ ಬಿದ್ದು ಒಡೆಯಿತು. ಎರಡನೆಯದರಲ್ಲಿ ಏನೂ ಇಲ್ಲ. ಮೂರನೆಯದರಲ್ಲೂ ಇಲ್ಲ. ಸುಮ್ಮನೆ ಊರಮುಂದೆ ಮಾನ ಕಳೆದುಕೊಂಡೆನೇ ಎನ್ನಿಸಿತು. ನಾಲ್ಕನೆಯದನ್ನು ಇಟ್ಟೆ. ಕಣ್ಣು ತುಂಬ ಕಾಳು. ಎಣಿಸಲಾಗದಷ್ಟು.

ತಜ್ಞರು ಬಗ್ಗಿ ನೋಡಿ, ನೆಟ್ಟಗಾಗಿ, ಕನ್ನಡಕ ತೆಗೆದು ಒರೆಸಿಕೊಂಡರು. ಸುಟ್ಟುಹಾಕಬೇಕು ಎಂದರು. ಅದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

ಹೇಳಬೇಕಾದವನು ನಾನೇ. ಹೇಳಿದೆ. ಆಕೆ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ತುಂಬಿದ್ ಮಡ್ಲ ಬರಿದ್ ಮಾಡಂತೀಯಾ? ಒಕ್ಕಲುಮಗ ತಾನೇ ನೀನು?"

"ಗಂಟು ಅಕ್ಕ."

"ಎಲ್ಲಿ? ನಂಗೂ ತೋರ್ಸು."

ಒಂದು ಕೈಯಲ್ಲಿ ಮಡಿಲು ಹಿಡಿದು, ಇನ್ನೊಂದು ಕೈಯನ್ನು ಜಗಲಿಗೆ ಊರಿ ಬಗ್ಗಿದಳು. ಯಾವ ಕಣ್ಣು ಮುಚ್ಚಬೇಕೆಂದು ಹೇಳಿಕೊಟ್ಟೆ. ಬಹಳ ಹೊತ್ತು ನೋಡಿದಳು.

"ಅಕ್ಕಿನುಚ್ಚಂಗೆ ಒಳೀತವಲ್ಲ, ಇವೇಯಾ?"

"ಅವೇ."

"ಇವ್ನ ಎಂದು ನೋಡ್ದೆ ನೀನು?"

"ಸೋಮವಾರ."

"ಇವತ್ತು ಬುಧ್ವಾರ." ಆಕೆ ತಲೆಯೆತ್ತಿದಳು. "ಎಲ್ಡು ದಿನ ಬಾಯ್ಗೇನ್ ತುರ್ಕಂಡಿದ್ದೆ?"

ಸುಳ್ಳು ಹೇಳಲು ಅಲ್ಲಿ ಬೇಕಾದಷ್ಟು ದಾರಿಗಳಿದ್ದವು. ಸಾಹೇಬರು ಅವಸರ ಮಾಡಿದರು ಎನ್ನಬಹುದಿತ್ತು. ಸಾಹೇಬರಿಗೆ ಕನ್ನಡ ತಿಳಿಯುತ್ತಿರಲಿಲ್ಲ.

"ಇಂಗ್ಲೀಷ್ ಬರ್ನಿಲ್ಲ ಕಣಕ್ಕ" ಎಂದೆ. "ಎದ್ರುಕಂಡೆ."

ನಾಲ್ಕು ವರ್ಷ ಬಾಯಿಂದ ಉಜ್ಜಿ ತೆಗೆದಿದ್ದ ನನ್ನ ಊರಿನ ಮಾತು ಹಾಗೆ ಹೊರಗೆ ಬಂತು. ಹಿಂದಿನಿಂದ ಒಬ್ಬ, "ಬಿ.ಎಸ್ಸಿ.ಗೆ ಇಂಗ್ಲೀಷ್ ಬರಾಕಿಲ್ವಂತೆ ಕಣ್ಲಾ!" ಎಂದ. ನಗು ಎದ್ದಿತು. ಆಕೆ ನಗಲಿಲ್ಲ. ಬೈಯಲೂ ಇಲ್ಲ. ಅಂಗಳದ ಮೂಲೆಯಲ್ಲಿ ನೀರು ಕಾಯುತ್ತಿದ್ದ ಹಂಡೆಯ ಒಲೆಯವರೆಗೆ ನಡೆದುಹೋಗಿ, ಯಾರ ಕೈಯನ್ನೂ ಕಾಯದೆ, ತಾನೇ ಸೆರಗು ಬಿಚ್ಚಿ ಹಾಳೆಗಳನ್ನು ಬೆಂಕಿಗೆ ಸುರಿದಳು. ಖಾಲಿ ಸೆರಗನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಜೀಪು ಬೇಗೂರು ದಾಟಿತು. ಆಮೇಲೆ ತಜ್ಞರು ನಿಧಾನವಾಗಿ, ಒಂದೊಂದೇ ಪದ ಇಟ್ಟು ಮಾತಾಡಿದರು. ಮೊದಲ ದಿನವೇ ಹಾಗೆ ಮಾತಾಡಿ ಎಂದು ನಾನು ಕೇಳಬಹುದಿತ್ತು ಎಂಬುದು ಆಗ ಹೊಳೆಯಿತು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ನಿನ್ನ ಇಂಗ್ಲಿಷಿಗಾಗಿ ನಾನು ಇಷ್ಟು ದೂರ ಬಂದಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೀನು ಏನು ಕಂಡೆ ಎಂಬುದಷ್ಟೇ ಬೇಕಿತ್ತು." ಹದಿನೈದು ದಿನಕ್ಕೆ ಇಲಾಖೆಯಿಂದ ಎಚ್ಚರಿಕೆ ಪತ್ರವೂ ಬಂತು. ಒಳ್ಳೆಯ ಇಂಗ್ಲಿಷಿನಲ್ಲಿತ್ತು. ನನಗೆ ಅರ್ಥವಾಗದ ಪದ ಅದರಲ್ಲಿ ಒಂದೂ ಇರಲಿಲ್ಲ. ಮೇಲ್ವಿಚಾರಕರು ಅದನ್ನು ಕೊಡುತ್ತ, "ಕೆಲಸ ಉಳೀತಲ್ಲ, ಸುಮ್ನಿರು" ಎಂದರು.

ನೋಟ್‌ಬುಕ್ಕನ್ನು ಹರಿಯಲಿಲ್ಲ. ಬಲಗಡೆಯ ಪದಗಳನ್ನು ಮಾತ್ರ ಹೊಡೆದುಹಾಕಿದೆ. ಎಡಗಡೆಯವನ್ನು ದಿನಕ್ಕೊಂದರಂತೆ ಮೇಲ್ವಿಚಾರಕರ ಮುಂದೆ ನಿಂತು, ಹೇಗೆ ಅನ್ನೋದು ಸಾರ್ ಎಂದು ಕೇಳತೊಡಗಿದೆ. ಕೆಲವು ಅವರಿಗೂ ಗೊತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಹೊಸ ಲಾಟು ಸಿದ್ಧವಾಯಿತು. ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು. ನಾನೇ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಆಕೆಯ ಹಿತ್ತಿಲಿನ ಹಿಪ್ಪುನೇರಳೆ ಸೊಪ್ಪು ಆ ಬಾರಿ ದನದ ಪಾಲಾಗಿ, ಗಿಡ ಮತ್ತೆ ಚಿಗುರಿತ್ತು. ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೊಸಲಿನ ಮೇಲೆ ಬಂದು ನಿಂತಳು. ಸೆರಗು ಒಡ್ಡಲಿಲ್ಲ.

"ಯೋಳು" ಎಂದಳು.

ನಾನು ಹಾಳೆಗಳನ್ನು ಹಿಡಿದುಕೊಂಡೇ ನಿಂತೆ.

"ಮೂರ್ ಕಿತ ನೋಡಿವ್ನಿ ಕಣಕ್ಕ. ಒಂದ್ ಕಿತ ಮೇಲ್ವಿಚಾರಕರ್ಗೂ ತೋರ್ಸಿವ್ನಿ. ಅನ್ಮಾನ ಇಲ್ಲ."

ಆಕೆ ನನ್ನ ಮುಖವನ್ನು, ಮೈಕ್ರೋಸ್ಕೋಪಿನಲ್ಲಿ ನೋಡಿದಷ್ಟೇ ಹೊತ್ತು, ನೋಡಿದಳು. ಆಮೇಲೆ ಸ್ವಲ್ಪ ಬಗ್ಗಿ ಮಡಿಲು ಒಡ್ಡಿದಳು.